ಬಿಗಿ ಮುಚ್ಚಳದ ಸ್ಟೀಲ್ ಡಬ್ಬ

ಬೆಂಕಿ ಬಿದ್ದ ಮನೆಯ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆಗಳು ಎರಡು. ಒಳಗೆ ಯಾರಿದ್ದಾರೆ? ಒಳಗೆ ಏನಿದೆ? ಮೊದಲನೆಯದಕ್ಕೆ ಜನ ನಿಜ ಹೇಳುತ್ತಾರೆ. ಎರಡನೆಯದಕ್ಕೆ ಹೇಳುವುದಿಲ್ಲ. ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರುವವರಿಗೆ ನಾನು ಕಲಿಸಬಲ್ಲದ್ದು ಇಷ್ಟೇ. ಉಳಿದದ್ದನ್ನು ತರಬೇತಿಯಲ್ಲಿ ಕಲಿಸುತ್ತಾರೆ, ನಮ್ಮ ಕಾಲಕ್ಕಿಂತ ಚೆನ್ನಾಗಿಯೇ ಕಲಿಸುತ್ತಾರೆ.

ಆ ಎರಡು ಪ್ರಶ್ನೆಗಳನ್ನು ನನಗೆ ಕೊಟ್ಟವರು ನನ್ನ ಮೊದಲ ಠಾಣಾಧಿಕಾರಿ ಚೆಲುವಯ್ಯ. ಅವರ ಠಾಣೆಯಲ್ಲಿ ಬೂಟುಗಳ ಮೂತಿ ಯಾವಾಗಲೂ ಗಾಡಿಯ ಕಡೆಗೆ ಇರಬೇಕು, ಹಗ್ಗದ ಸುರುಳಿ ಎಡಗೈಗೆ ಸಿಗಬೇಕು, ಹೆಲ್ಮೆಟ್ಟಿನ ಪಟ್ಟಿ ಒಳಗೆ ಮಡಚಿರಬೇಕು. ಒಮ್ಮೆ ನಾನು ಬೂಟನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಅವರು ಬೈಯಲಿಲ್ಲ. ನಾನು ಊಟಕ್ಕೆ ಕೈ ಇಟ್ಟ ಹೊತ್ತಿಗೆ ಗಂಟೆ ಹೊಡೆಸಿದರು. ನಾನು ಬೂಟಿನ ಸುತ್ತ ಸುತ್ತುವುದನ್ನು ಎಲ್ಲರ ಎದುರು ನೋಡುತ್ತಾ ನಿಂತು, "ಬೆಂಕಿ ನಿನ್ ಬೂಟು ತಿರುಗೋವರ್ಗೂ ಕಾಯಲ್ಲ ಕಣಯ್ಯಾ" ಅಂದರು. ನಿವೃತ್ತನಾದ ಮೇಲೂ ತ್ಯಾಗರಾಜನಗರದ ನನ್ನ ಮನೆಯಲ್ಲಿ ಚಪ್ಪಲಿಗಳು ರಸ್ತೆಯ ಕಡೆಗೇ ಮುಖ ಮಾಡಿರುತ್ತವೆ. ಮೊಮ್ಮಕ್ಕಳು ನಗುತ್ತಾರೆ.

ಇಲ್ಲಿ ನಾನು ಬರೆಯಹೊರಟಿರುವುದು ಒಂದು ವಿಷಯ ಮಾತ್ರ: ಮನೆಯಲ್ಲಿ ಕೋವಿಯ ತೋಟಾ, ಸಿಡಿಮದ್ದು ಇಟ್ಟುಕೊಳ್ಳುವವರ ಬಗ್ಗೆ. ಹೊಸಬರು ಇದನ್ನು ಕಾಡಂಚಿನ ಊರುಗಳ ವಿಷಯ ಅಂದುಕೊಳ್ಳುತ್ತಾರೆ. ಬಸವನಗುಡಿ, ಚಾಮರಾಜಪೇಟೆಯ ಕಾಂಪೌಂಡು ಗೋಡೆಗಳ ಹಿಂದೆ ಏನೇನಿದೆ ಎಂದು ಅವರಿಗೆ ಗೊತ್ತಿಲ್ಲ. ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿ, ಅದರ ಜೊತೆಗೆ ಬಂದ ತೋಟಾಗಳು, ಗುರಿಸ್ಪರ್ಧೆಗೆ ಹೋಗುವವರು ಒಟ್ಟಿಗೆ ತಂದಿಟ್ಟ ಪೆಟ್ಟಿಗೆಗಳು, ಹಾರಿಸಿದ ಖಾಲಿ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುವವರ ಡಬ್ಬಗಳು. ಪರವಾನಗಿ ಇದೆಯೋ, ಎಷ್ಟಕ್ಕಿದೆಯೋ, ಅದು ಪೊಲೀಸರ ಕೆಲಸ. ನಮಗೆ ಬೇಕಾದದ್ದು ಅದು ಯಾವ ಕೋಣೆಯಲ್ಲಿದೆ, ಯಾವುದರೊಳಗಿದೆ ಎಂಬುದು.

ನಾನು ಮೊದಲ ಸಲ ಆ ಸದ್ದು ಕೇಳಿದ್ದು ತರಗುಪೇಟೆಯಲ್ಲಿ. ಕೆಳಗೆ ಬೇಳೆಯ ಮಂಡಿ, ಮೇಲೆ ಮಾಲೀಕರ ಮನೆ. ಮೇಲಿನ ಕೋಣೆಗೆ ಬೆಂಕಿ ಹತ್ತಿತ್ತು. ಒಳಗೆ ಏನಿದೆ ಎಂದು ಚೆಲುವಯ್ಯ ಕೇಳಿದಾಗ ಮಾಲೀಕರು ತೊಗರಿ, ಹೆಸರು, ಅವರೆ ಎಂದು ಮೂಟೆಗಳ ಲೆಕ್ಕ ಒಪ್ಪಿಸಿದರು. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲೆ ಪಟಪಟ ಶುರುವಾಯಿತು. ಅರಳು ಹುರಿಯುವ ಸದ್ದಿನಂತೆ, ಆದರೆ ಒಂದೊಂದೂ ಸ್ವಲ್ಪ ತಡವಾಗಿ, ಭಾರವಾಗಿ. ಚೆಲುವಯ್ಯ ನನ್ನ ಕಾಲರು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದರು. ಸದ್ದು ನಿಂತ ಮೇಲೆ ಬೆಂಕಿ ಆರಿಸಿದೆವು. ಆ ಕೋಣೆಯಲ್ಲಿ ತಂದಿಟ್ಟಿದ್ದ ಅವರೆಕಾಳಿನ ಮೂಟೆಯೊಳಗೆ ತೋಟಾಗಳನ್ನು ಹೂತಿಟ್ಟಿದ್ದರು. ಕಾಳು ತೇವ ಎಳೆದುಕೊಳ್ಳುತ್ತದೆ, ಕಳ್ಳರಿಗೂ ಸಿಗುವುದಿಲ್ಲ ಎಂಬ ಎಣಿಕೆ. "ಅವರೆ ಅಂತ ಹೇಳಿದ್ನಲ್ಲ ಸಾರ್, ಅದರೊಳಗೆ ಅಂತ ನೀವು ಕೇಳ್ಲಿಲ್ಲ" ಎಂದು ಮಾಲೀಕರು ವಾದಿಸಿದರು.

ಅವತ್ತು ಠಾಣೆಗೆ ಹಿಂದಿರುಗುವಾಗ ಚೆಲುವಯ್ಯ ಹೇಳಿದ್ದನ್ನು ಇಂದಿನವರೂ ನೆನಪಿಡಬಹುದು. ಬಿಡಿ ತೋಟಾ ಬೆಂಕಿಯಲ್ಲಿ ಸಿಡಿದರೆ ನಳಿಗೆಯಿಂದ ಹೊರಟ ಗುಂಡಿನಂತೆ ಹಾರುವುದಿಲ್ಲ. ಕವಚ ಹರಿದು ಎಗರುತ್ತದೆ, ಮೈಮೇಲಿನ ದಪ್ಪ ಕೋಟು ಬಹುಪಾಲು ತಡೆಯುತ್ತದೆ. ಹೆದರಬೇಕಾದದ್ದು ಮುಚ್ಚಿಟ್ಟ ಮದ್ದಿಗೆ. ದಾರಿ ಸಿಕ್ಕರೆ ಅದು ಉರಿಯುತ್ತದೆ, ದಾರಿ ಸಿಗದಿದ್ದರೆ ಸಿಡಿಯುತ್ತದೆ. ಆದ್ದರಿಂದಲೇ ಮದ್ದು ಮಾರುವವರು ಅದನ್ನು ಸುಲಭವಾಗಿ ಬಿರಿಯುವ ತೆಳು ಡಬ್ಬದಲ್ಲಿ ಕೊಡುತ್ತಾರೆ. ಅದು ಜಿಪುಣತನವಲ್ಲ.

ನಾನೇ ಠಾಣಾಧಿಕಾರಿಯಾದ ಮೇಲೆ ಇನ್ನೊಮ್ಮೆ ಚಾಮರಾಜಪೇಟೆಯಲ್ಲಿ ಒಂದು ಮನೆಯ ಪಕ್ಕದವರು ಕರೆ ಮಾಡಿದರು. ಹೋಗಿ ನೋಡಿದರೆ ಬೆಂಕಿ ಇಲ್ಲ, ಹೊಗೆ ಇಲ್ಲ. ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಅರ್ಧ ಭಾಗದಲ್ಲಿ ಬೂದುಗುಂಬಳದ ಸಂಡಿಗೆ, ಇನ್ನರ್ಧದಲ್ಲಿ ತೋಟಾಗಳನ್ನು ಒಣಗಲು ಹಾಕಿದ್ದರು. ಮಳೆಗಾಲದಲ್ಲಿ ತೇವ ಹಿಡಿದಿದೆ, ಸ್ವಲ್ಪ ಬಿಸಿಲು ಕಾಣಿಸುತ್ತಿದ್ದೇನೆ ಎಂದು ಮನೆಯ ಹಿರಿಯರು ವಿವರಿಸಿದರು. ಅವರ ಸೊಸೆ ಮೆಟ್ಟಿಲಲ್ಲೇ ನಿಂತು, "ಅದಕ್ಕೆ ಕಾಗೆ ಬರಬಾರ್ದು ಅಂತ ಛತ್ರಿ ಬೇರೆ ಇಟ್ಟಿದಾರೆ ಸಾರ್. ನನ್ ಸಂಡಿಗೆಗೆ ಇಡಲ್ಲ" ಅಂದಳು. ನಾವೆಲ್ಲ ನಕ್ಕೆವು. ಗಾಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ದರಾಜು. ಆಗ ಅವನು ನನ್ನ ಠಾಣೆಗೆ ಬಂದು ಸ್ವಲ್ಪ ಕಾಲವಾಗಿತ್ತು. ಹೊತ್ತಿಗೆ ಸರಿಯಾಗಿ ಬರುವವನು, ಹೋಸು ಹಿಡಿದರೆ ಕೈ ನಡುಗದವನು. ನನ್ನ ಬೂಟಿನ ಹುಚ್ಚನ್ನು ನಾನು ಹೇಳುವ ಮೊದಲೇ ಪಾಲಿಸುತ್ತಿದ್ದ ಒಬ್ಬನೇ ಒಬ್ಬ.

ಈಗ ಎನ್.ಆರ್. ಕಾಲೋನಿಯ ಮನೆಯ ವಿಷಯಕ್ಕೆ ಬರುತ್ತೇನೆ.

ಮನೆಯ ಯಜಮಾನರು ಅನಂತಸ್ವಾಮಿ, ಬ್ಯಾಂಕಿನ ಅಧಿಕಾರಿ. ರೈಫಲ್ ಗುರಿಸ್ಪರ್ಧೆಗಳಲ್ಲಿ ಪದಕ ಗೆದ್ದವರು. ತಮ್ಮ ತೋಟಾಗಳನ್ನು ತಾವೇ ಮತ್ತೆ ತುಂಬಿಕೊಳ್ಳುತ್ತಿದ್ದರು, ಅದಕ್ಕೊಂದು ಕೋಣೆಯನ್ನೇ ಇಟ್ಟಿದ್ದರು. ಅವರ ಹೆಂಡತಿ ಶಾರದಮ್ಮ. ಅವರ ಅಡುಗೆಮನೆಯನ್ನು ನಾನು ಆಮೇಲೆ ನೋಡಿದ್ದೇನೆ. ನಮ್ಮ ಕಡೆಯ ಎಲ್ಲ ಅಚ್ಚುಕಟ್ಟಾದ ಮನೆಗಳಂತೆ ಅಲ್ಲಿ ಅಂಗಡಿಯಿಂದ ಬಂದ ಯಾವ ಪೊಟ್ಟಣವೂ ಪೊಟ್ಟಣವಾಗಿ ಉಳಿಯುವುದಿಲ್ಲ. ರವೆ, ಸಕ್ಕರೆ, ಕಾಫಿಪುಡಿ ಎಲ್ಲವೂ ಬಂದ ದಿನವೇ ಸ್ಟೀಲ್ ಡಬ್ಬಕ್ಕೆ ಸುರಿಯಬೇಕು, ಮುಚ್ಚಳ ಬಿಗಿಯಾಗಿ ಒತ್ತಬೇಕು. ಹಾಗೆಯೇ ಗಂಡನ ಮದ್ದೂ ತೆಳು ಡಬ್ಬದಿಂದ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಹೋಗಿತ್ತು. ಮದುವೆಯಲ್ಲಿ ಬಂದ ಜೋಡಿ ಡಬ್ಬಗಳಲ್ಲಿ ಒಂದು. ಹೊಟ್ಟೆಯ ಮೇಲೆ ಶಾರದಮ್ಮನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು.

ಆಯುಧಪೂಜೆಯ ದಿನ ಅನಂತಸ್ವಾಮಿ ರೈಫಲ್ಲು, ತೋಟಾದ ಪೆಟ್ಟಿಗೆಗಳು, ಮದ್ದು ತುಂಬುವ ಯಂತ್ರ, ಮದ್ದಿನ ಡಬ್ಬಗಳು ಎಲ್ಲವನ್ನೂ ದೇವರ ಕೋಣೆಗೆ ತಂದು ಸಾಲಾಗಿ ಜೋಡಿಸಿ ಕುಂಕುಮ ಇಟ್ಟಿದ್ದರು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಮರುಪೂಜೆಯವರೆಗೆ ಕದಲಿಸುವಂತಿಲ್ಲ. ನವರಾತ್ರಿಯ ನಂದಾದೀಪವನ್ನು ಆರಿಸುವಂತಿಲ್ಲ. ಎರಡೂ ಸರಿಯಾದ ಪದ್ಧತಿಗಳೇ, ನಮ್ಮ ಮನೆಯಲ್ಲೂ ಇವೆ. ಒಂದೇ ಕೋಣೆಯಲ್ಲಿ ಎರಡನ್ನೂ ಪಾಲಿಸಿದ್ದರು. ದಶಮಿಯ ಬೆಳಿಗ್ಗೆ ಮನೆಯವರು ಸ್ನಾನಕ್ಕೆ ಹೋಗಿದ್ದಾಗ ದೀಪಕ್ಕೆ ಒಣಗಿದ ಹಾರ ತಾಗಿತು, ಹಾರದಿಂದ ಪರದೆಗೆ ಹತ್ತಿತು.

ಕರೆ ಬಂದಾಗ ನಾವು ಗಾಡಿಯ ಮೇಲಿದ್ದ ಹಿಂದಿನ ದಿನದ ಚೆಂಡುಹೂವು ತೆಗೆಯುತ್ತಿದ್ದೆವು. ಸಿದ್ದರಾಜುವಿನ ಮನೆಯವರು ಬೌದ್ಧರು, ದಶಮಿ ಅವರಿಗೆ ಧಮ್ಮದೀಕ್ಷೆಯ ದಿನ, ಬಿಳಿ ಬಟ್ಟೆ ಉಟ್ಟು ಬುದ್ಧವಿಹಾರಕ್ಕೆ ಹೋಗುತ್ತಾರೆ. ಅವನು ಮಧ್ಯಾಹ್ನ ಪಾಳಿ ಮುಗಿಸಿ ಅವರನ್ನು ಕೂಡಿಕೊಳ್ಳುವುದು ಎಂದಿತ್ತು.

ಮನೆಯ ಮುಂದೆ ಬೀದಿಯೇ ಸೇರಿತ್ತು. ಅನಂತಸ್ವಾಮಿ ಒದ್ದೆ ಪಂಚೆಯಲ್ಲಿ ಬೆಳ್ಳಿಯ ದೇವರನ್ನು ಎದೆಗೆ ಅವಚಿಕೊಂಡು ಗೇಟಿನ ಬಳಿ ನಿಂತಿದ್ದರು. ಪಕ್ಕದಲ್ಲಿ ಶಾರದಮ್ಮ. ಒಳಗೆ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಅದು ನಿಜವಾಗಿತ್ತು.

"ಒಳಗೆ ಏನಿದೆ?" ಅಂದೆ.

"ದೇವರ ಸಾಮಾನು, ಬಟ್ಟೆ, ಪುಸ್ತಕ. ಇನ್ನೇನಿಲ್ಲ."

"ಗ್ಯಾಸು, ಸೀಮೆಎಣ್ಣೆ, ಪಟಾಕಿ?"

"ಏನಿಲ್ಲ ಅಂತ ಹೇಳಿದ್ನಲ್ಲ ಸ್ವಾಮಿ, ಬೇಗ ನೋಡಿ."

ಶಾರದಮ್ಮ ಗಂಡನ ಮುಖ ನೋಡಿದರು. ಸಿದ್ದರಾಜು ಹೋಸಿನ ಮೂತಿ ಹಿಡಿದು ಮುಂದೆ ನಡೆದ, ಅವನ ಹಿಂದೆ ನಾನು. ನಡುಮನೆಯಲ್ಲಿ ಹೊಗೆ ಸೊಂಟದವರೆಗೆ ಇಳಿದಿತ್ತು. ಮಂಡಿಯೂರಿ ಹೋದೆವು. ದೇವರ ಕೋಣೆಯ ಹೊಸ್ತಿಲು ಕಾಣುವಷ್ಟರಲ್ಲಿ ಪಟಪಟ ಶುರುವಾಯಿತು. ಸಿದ್ದರಾಜು ಅದು ಪಟಾಕಿಯೇ ಎಂದು ಕೇಳಿದ. ನನಗೆ ಸದ್ದಿನ ಗುರುತು ಸಿಕ್ಕಿತ್ತು. ಹಿಂದಕ್ಕೆ ಬಾ ಎಂದು ಕೂಗಿ ಅವನ ಬೆಲ್ಟು ಎಳೆದೆ. ಅವನು ತಿರುಗುತ್ತಿದ್ದ. ಆಗ ಡಬ್ಬ ಸಿಡಿಯಿತು.

ಕೋಣೆಯ ಬಾಗಿಲು ಚೌಕಟ್ಟಿನಿಂದ ಕಿತ್ತು ನಡುಮನೆಗೆ ಬಂತು. ನನಗೆ ಆಮೇಲೆ ಕೆಲವು ದಿನ ಬಲಗಿವಿ ಕೇಳಿಸಲಿಲ್ಲ, ಅಷ್ಟೇ. ಆಗಿನ ನಮ್ಮ ಹೆಲ್ಮೆಟ್ಟಿಗೆ ಮುಖ ಮುಚ್ಚುವ ಗಾಜು ಇರಲಿಲ್ಲ. ಸಿದ್ದರಾಜುವಿನ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಅವನ ಮುಖದಿಂದ ತೆಗೆದ ಸ್ಟೀಲಿನ ಚೂರನ್ನು ಡಾಕ್ಟರು ನನ್ನ ಕೈಗೆ ಕೊಟ್ಟರು. ಅದರ ಮೇಲೆ ಚುಕ್ಕಿಗಳಲ್ಲಿ 'ಶಾರ' ಎಂದಿತ್ತು. ನಾನು ಅದನ್ನು ಎಸೆಯಬೇಕೆಂದಿದ್ದೆ. ಸಿದ್ದರಾಜು ಬೇಕು ಅಂದ. ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡ.

ಮೇಲಧಿಕಾರಿಗಳು ಬಂದರು. ದೇವರ ದೀಪದಿಂದ ಬೆಂಕಿ, ಪಾತ್ರೆ ಸಿಡಿದು ಗಾಯ ಎಂದು ಬರೆದು ಮುಗಿಸು ಅಂದರು. ಅದರಲ್ಲಿ ಸುಳ್ಳು ಯಾವುದು ಎಂದು ನನ್ನನ್ನೇ ಕೇಳಿದರು. ಸುಳ್ಳು ಯಾವುದೂ ಇರಲಿಲ್ಲ. ಪಾತ್ರೆಯೊಳಗೆ ಏನಿತ್ತು ಎಂಬುದನ್ನೂ ಸೇರಿಸಿ ಬರೆದುಕೊಟ್ಟೆ. ಪೊಲೀಸರು ರೈಫಲ್ಲು, ಉಳಿದ ತೋಟಾ ಎಲ್ಲ ಒಯ್ದರು. ಅನಂತಸ್ವಾಮಿಯ ಬಳಿ ಬಹುಪಾಲಿಗೆ ಕಾಗದಪತ್ರ ಸರಿಯಾಗಿತ್ತು. ದಂಡ ಕಟ್ಟಿದರು. ಕೆಲವು ಕಾಲದ ನಂತರ ಎಲ್ಲವೂ ಅವರಿಗೆ ಹಿಂದಿರುಗಿತು. ಸಿದ್ದರಾಜುವಿಗೆ ಕಂಟ್ರೋಲ್ ರೂಮಿನಲ್ಲಿ ಫೋನಿನ ಕೆಲಸ ಕೊಟ್ಟರು. ನಿವೃತ್ತಿಯವರೆಗೆ ಅವನು ಬೇರೆಯವರಿಗೆ ವಿಳಾಸ ಹೇಳುತ್ತಾ ಕುಳಿತ.

ಬದಲಾದದ್ದು ಬೇಕಾದಷ್ಟಿದೆ. ಹೆಲ್ಮೆಟ್ಟಿಗೆ ಗಾಜು ಬಂತು, ಉಸಿರಾಟದ ಸಿಲಿಂಡರು ಎಲ್ಲರಿಗೂ ಬಂತು, ಕೋಟು ಹಗುರವಾಯಿತು, ದಾರಿ ತೋರಿಸಲು ಫೋನಿದೆ. ನಾನೂ ನನ್ನ ಪ್ರಶ್ನೆಯನ್ನು ಬದಲಿಸಿದೆ. ಏನಿದೆ ಎಂದು ಕೇಳುವುದನ್ನು ಬಿಟ್ಟು, ಕೋವಿ ಎಲ್ಲಿದೆ, ಮದ್ದಿನ ಡಬ್ಬ ಯಾವ ಕೋಣೆಯಲ್ಲಿದೆ ಎಂದು ಇದ್ದೇ ಇದೆ ಎಂಬಂತೆ ಕೇಳತೊಡಗಿದೆ. ಹೆಂಗಸರನ್ನು ಬೇರೆಯಾಗಿ ಕರೆದು ಕೇಳಿದೆ. ಮನೆಗೆಲಸದವರನ್ನು ಕೇಳಿದೆ, ಗುಡಿಸುವವರಿಗೆ ಮನೆಯ ಮೂಲೆಗಳೆಲ್ಲ ಗೊತ್ತಿರುತ್ತವೆ. ಆದರೂ ಉತ್ತರ ಬದಲಾಗಲಿಲ್ಲ. ಮನೆ ಉರಿಯುತ್ತಿರುವಾಗಲೂ ಜನರಿಗೆ ನಮಗಿಂತ ಮೊದಲು ಪೊಲೀಸರು ಕಣ್ಣ ಮುಂದೆ ಬರುತ್ತಾರೆ. ಇದಕ್ಕೆ ಯಾವ ತರಬೇತಿಯಲ್ಲೂ ಮದ್ದಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಸಂಜೆ ತರಕಾರಿ ಅಂಗಡಿಯಲ್ಲಿ ಅನಂತಸ್ವಾಮಿ ಸಿಕ್ಕಿದರು. ಅವರಿಗೂ ನಿವೃತ್ತಿಯಾಗಿತ್ತು. ಮನೆ ಪೂರ್ತಿ ರಿಪೇರಿ ಮಾಡಿಸಿದ್ದೇನೆ, ನೀವು ಬಂದು ನೋಡಲೇಬೇಕು, ನಿಮ್ಮಿಂದ ಕಲಿತದ್ದನ್ನೆಲ್ಲ ಪಾಲಿಸಿದ್ದೇನೆ ಎಂದು ಕೈ ಹಿಡಿದು ಕರೆದರು. ಅದು ನವರಾತ್ರಿಯ ಸಮಯ. ಆಯುಧಪೂಜೆಯ ಸಂಜೆ ಹೋದೆ.

ದೇವರ ಕೋಣೆಗೆ ಕರೆದುಕೊಂಡು ಹೋದರು. ಮತ್ತೆ ಅದೇ ಸಾಲು. ರೈಫಲ್ಲು, ಪೆಟ್ಟಿಗೆಗಳು, ಯಂತ್ರ, ಕುಂಕುಮ. ಅನಂತಸ್ವಾಮಿ ದೀಪದ ಕಡೆ ಬೆರಳು ತೋರಿಸಿದರು. ನಂದಾದೀಪದ ಜಾಗದಲ್ಲಿ ಬ್ಯಾಟರಿಯ ದೀಪ ಮಿಣುಕುತ್ತಿತ್ತು.

"ಬೆಂಕಿ ಪ್ರಶ್ನೆನೇ ಇಲ್ಲ ಈಗ. ಶಾಸ್ತ್ರದವರು ಒಪ್ಪಲ್ಲ ಅಂದ್ರು. ನಾನು ಕೇಳ್ಲಿಲ್ಲ. ಒಬ್ಬರ ಕಣ್ಣು ಹೋಗಿದೆ ಸ್ವಾಮಿ, ಅಷ್ಟೂ ಮಾಡ್ದೇ ಇದ್ರೆ ಹೇಗೆ?"

ಅವರ ದನಿಯಲ್ಲಿ ನಾಟಕ ಇರಲಿಲ್ಲ. ಮದ್ದು ಎಲ್ಲಿ ಎಂದು ಕೇಳಿದೆ. ಅದನ್ನು ಈಗ ಪೂಜೆಗೆ ಇಡುವುದಿಲ್ಲ, ಪ್ರತ್ಯೇಕ ಜಾಗ ಮಾಡಿದ್ದೇನೆ ಎಂದು ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದರು. ಒಳಗೆ ಕಬ್ಬಿಣದ ಕಪಾಟು. ಕಪಾಟಿನೊಳಗೆ ಸ್ಟೀಲ್ ಡಬ್ಬಗಳು ಎತ್ತರದ ಪ್ರಕಾರ ನಿಂತಿದ್ದವು, ಒಂದೊಂದರ ಮೇಲೂ ಚೀಟಿ. ತಿರುಪಿನ ಮುಚ್ಚಳ, ಅದರ ಮೇಲೆ ಟೇಪು. ಇಷ್ಟು ಅಚ್ಚುಕಟ್ಟಾದ ಕಪಾಟು ನನ್ನ ಠಾಣೆಯಲ್ಲೂ ಇರಲಿಲ್ಲ. ಕಪಾಟಿನ ಬದಿಗೆ, ಅಂಗೈ ಅಗಲ ಬಿಟ್ಟು, ಮನೆಯ ಯುಪಿಎಸ್ಸು ಮತ್ತು ಅದರ ಬ್ಯಾಟರಿ. ಕರೆಂಟು ಹೋಗಿ ಬಂದಾಗ ಅದು ಟಿಕ್ಕೆಂದು ಸದ್ದು ಮಾಡಿತು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹೇಳಿದೆ. ಅವತ್ತು ಕಣ್ಣು ತೆಗೆದದ್ದು ದೀಪವಲ್ಲ, ಡಬ್ಬ. ಮದ್ದನ್ನು ಅದು ಬಂದ ತೆಳು ಡಬ್ಬದಲ್ಲೇ ಇಡಿ. ಬಿಗಿ ಕಪಾಟು ಬೇಡ. ಬ್ಯಾಟರಿಯ ಪಕ್ಕ ಬೇಡ, ಜನ ಓಡಾಡುವ ಮೆಟ್ಟಿಲ ಕೆಳಗಂತೂ ಬೇಡವೇ ಬೇಡ. ಅದಕ್ಕಿಂತ ಒಳ್ಳೆಯದು, ಇಷ್ಟನ್ನು ಮನೆಯಲ್ಲಿ ಇಡಬೇಡಿ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದರು.

"ನಾನು ಬ್ಯಾಂಕಲ್ಲಿ ಇದ್ದೋನು. ಬೆಲೆ ಇರೋದನ್ನ ಲೂಸಾಗಿ ಇಡೋಕೆ ನನ್ ಕೈಲಿ ಆಗಲ್ಲ. ತೇವ ಹೋಗ್ಬಾರ್ದು, ಇಲಿ ಹೋಗ್ಬಾರ್ದು, ಕೆಲ್ಸದವಳ ಕೈ ಹೋಗ್ಬಾರ್ದು. ಬಿಗಿ ಇದ್ದಷ್ಟೂ ಭದ್ರ ಅಲ್ವಾ?"

ಅಲ್ಲ ಅಂದೆ. ಅವರು ನಕ್ಕು ಕಾಫಿ ತರಲು ಒಳಗೆ ಹೇಳಿದರು.

ಮರುದಿನ ನನ್ನ ಹಳೆಯ ಠಾಣೆಗೆ ಹೋದೆ. ಆಗಿನ ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟರು. ಒಳ್ಳೆಯ ಹುಡುಗ. ಎಲ್ಲ ಕೇಳಿ, ಪರವಾನಗಿ ಇರುವ ಮನೆಯೊಳಗೆ ನಾವು ಹೇಗೆ ಹೋಗಿ ಡಬ್ಬ ತೆಗೆಯಿರಿ ಎನ್ನುವುದು ಸರ್, ವಿಳಾಸ ಬೇಕಾದರೆ ಬೋರ್ಡಿನ ಮೇಲೆ ಹಾಕಿಸುತ್ತೇನೆ ಅಂದರು. ಹಾಕಿಸಿದರು. ಅವರಿಗೆ ವರ್ಗವಾಯಿತು. ಬಂದವರು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು. ಮತ್ತೆ ಹೋಗಿ ಹೇಳಿದೆ. ಅವರೂ ಒಳ್ಳೆಯವರೇ. ಪೊಲೀಸ್ ಠಾಣೆಗೂ ಹೋದೆ. ಅವರು ಹೋಗಿ ನೋಡಿ ಬಂದರು. ಲೆಕ್ಕ ಸರಿಯಾಗಿದೆ, ಬೀಗ ಭದ್ರವಾಗಿದೆ, ಎಷ್ಟು ನೀಟಾಗಿ ಇಟ್ಟುಕೊಂಡಿದ್ದಾರೆ ಎಂದು ನನ್ನೆದುರೇ ಹೊಗಳಿದರು.

ಈಗ ನನಗೆ ಉಳಿದಿರುವುದು ನಡಿಗೆ. ಬೆಳಿಗ್ಗೆ ಸಂಜೆ ಆ ರಸ್ತೆಯಲ್ಲೇ ಹೋಗುತ್ತೇನೆ. ಮೂಗಿಗೆ ಏನಾದರೂ ವಾಸನೆ ಬರುತ್ತದೆಯೇ ನೋಡುತ್ತೇನೆ. ಇದು ಕೆಲಸವಲ್ಲ ಎಂದು ನನಗೂ ಗೊತ್ತು. ಆ ಮನೆಗೆ ಬೆಂಕಿ ಬಿದ್ದರೆ ಯಾರೋ ಇಪ್ಪತ್ತೆರಡು ವರ್ಷದವರು ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ನನಗೆ ಈಗಲೇ ಗೊತ್ತಿದೆ. ಅದು ಅವರಿಗೆ ಮೊದಲೇ ತಲುಪಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ತಲುಪುತ್ತದೆ ಎಂಬ ನಂಬಿಕೆ ಹೆಚ್ಚಿಲ್ಲ.

ಈ ವರ್ಷದ ವಿಜಯದಶಮಿಯಂದು ನಡಿಗೆಯಲ್ಲಿದ್ದಾಗ ಶಾರದಮ್ಮ ಗೇಟಿನ ಬಳಿ ನಿಲ್ಲಿಸಿದರು. ಒಳಗೆ ಹೋಗಿ ಒಂದು ಡಬ್ಬ ತಂದು ಕೈಗಿಟ್ಟರು. ಕೊಬ್ಬರಿ ಮಿಠಾಯಿ. ಸಿದ್ದರಾಜು ಅವರಿಗೂ ಕೊಡಿ ಅಂದರು. ಹಿಂದೆ ತಿರುಗಿ ಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಅವತ್ತು ನಾನು ಹೇಳ್ಬೇಕು ಅಂದ್ಕೊಂಡೆ. ಇವರು ಮಾತಾಡ್ತಾ ಇದ್ರಲ್ಲ."

"ಇನ್ನೊಂದು ಸಲ ಯಾರಾದ್ರೂ ಕೇಳಿದ್ರೆ ಹೇಳ್ತೀರಾ ಅಮ್ಮ?"

ಅವರು ಗೇಟಿನ ಚಿಲಕ ಹಿಡಿದು ಯೋಚಿಸಿದರು. "ಡಬ್ಬ ಮರೀದೇ ವಾಪಸ್ ತಂದ್ಕೊಡಿ" ಅಂದರು. "ಜೋಡಿದು ಅದು."

ಚಾಮರಾಜಪೇಟೆಯ ಸಿದ್ದರಾಜುವಿನ ಮನೆಗೆ ಹೋದೆ. ಮನೆಯವರೆಲ್ಲ ಬಿಳಿ ಬಟ್ಟೆಯಲ್ಲಿ ವಿಹಾರಕ್ಕೆ ಹೋಗಿದ್ದರು. ಮಂಡಿನೋವೆಂದು ಅವನು ಉಳಿದಿದ್ದ. ಬುದ್ಧನ ಪಟದ ಕೆಳಗೆ ಕುಳಿತು ಪೇಪರನ್ನು ಬಲಗಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ. ಬಾಗಿಲ ಹೊರಗೆ ಅವನ ಚಪ್ಪಲಿಗಳು ರಸ್ತೆಯ ಕಡೆಗೆ ಮುಖ ಮಾಡಿದ್ದವು. ಎನ್.ಆರ್. ಕಾಲೋನಿಯಿಂದ ಬಂದದ್ದು ಎಂದು ಹೇಳಿ ಡಬ್ಬವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿದ. ಹೊಟ್ಟೆಯ ಮೇಲಿನ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದ. ಮುಚ್ಚಳ ತಿರುಪಲು ನೋಡಿದ, ಬರಲಿಲ್ಲ.

"ಒಳಗೆ ಏನಿದೆ ಸರ್?" ಅಂದ.

"ಕೊಬ್ಬರಿ ಮಿಠಾಯಿ. ಇನ್ನೇನಿಲ್ಲ."

ನಾನು ಹೇಳಿದ ಮೇಲೆಯೇ ನನಗೆ ಆ ಮಾತು ಕೇಳಿಸಿತು. ಸಿದ್ದರಾಜು ಡಬ್ಬವನ್ನು ನೆಲದ ಮೇಲೆ ಇಟ್ಟು ಮೆಲ್ಲಗೆ ನನ್ನ ಕಡೆ ಸರಿಸಿದ.

"ನೀವೇ ತೆಗೀರಿ ಸರ್" ಅಂದ. ಮಂಡಿಯ ಮೇಲೆ ಕೈ ಊರಿ ಎದ್ದು, ಕೋಣೆಯ ಆ ಕೊನೆಗೆ ಹೋಗಿ, ಬಲಗಣ್ಣು ಗೋಡೆಯ ಕಡೆಗೆ ಬರುವಂತೆ ತಿರುಗಿ ಕುಳಿತ.